ಬಿದ್ದವರು ಎಲ್ಲಿಗೆ ಹೋಗಬೇಕು?



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲ ಕಡೆಯ ಸಂಘಗಳಲ್ಲೂ ನಾವು ಇದನ್ನು ಕಾಣುತ್ತೇವೆ. ಬೀಡಿ ಕೆಲಸ ಕಡಿಮೆಯಾಯಿತು, ಇಲ್ಲವೆ 2005ರಲ್ಲಿ, 2019ರಲ್ಲಿ ಆದಂತೆ ಕೃಷ್ಣೆಯ ನೀರು ಹೊಲಕ್ಕೆ ನುಗ್ಗಿತು. ಎರಡು ಕಂತು ತಪ್ಪಿದವು. ಆ ತಾಯಿ ಮೀಟಿಂಗಿಗೆ ಬರೋದನ್ನೇ ಬಿಟ್ಟುಬಿಡುತ್ತಾಳೆ. ಕಂತು ತಪ್ಪೋದು ಪಾಪವಲ್ಲ. ಆದರೆ ಪಾಪ ಮಾಡಿದವರ ನಾಚಿಕೆಯೂ ಹೀಗೇ ಇರುತ್ತದೆ. "ಸಿಸ್ಟರ್, ಅತ್ತಿಗೆ ಬಾಯಿಗೆ ಬಂದಂಗ ಬೈದೀನಿ, ಸುಳ್ಳೂ ಹೇಳೀನಿ. ಯಾವ ಮುಖ ಇಟ್ಕೊಂಡು ಪೂಜೆಗೆ ಬರ್ಲಿ?" ಅಂತ ಕ್ರೈಸ್ತ ತಾಯಂದಿರು ಕೇಳುತ್ತಾರೆ.

ಇದಕ್ಕೆ ಶುಭಸಂದೇಶದಲ್ಲೇ ಉತ್ತರವಿದೆ. ಯೇಸುಸ್ವಾಮಿಯನ್ನು ಹಿಡಿದೊಯ್ದ ರಾತ್ರಿ ಇಬ್ಬರು ಶಿಷ್ಯರು ಬಿದ್ದರು. ಯೂದನು 30 ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ. ಪೇತ್ರನು ಬೆಂಕಿ ಕಾಯಿಸುತ್ತಾ ನಿಂತು, ಒಬ್ಬ ದಾಸಿಯ ಮಾತಿಗೆ ಹೆದರಿ, ಅವರು ಯಾರೋ ಗೊತ್ತೇ ಇಲ್ಲ ಅಂದ. ಒಂದಲ್ಲ, ಮೂರು ಸಲ. ಯೂದನೂ ಪಶ್ಚಾತ್ತಾಪಪಟ್ಟ, ದುಡ್ಡನ್ನೂ ತಿರುಗಿ ಕೊಟ್ಟ. ಇದನ್ನು ಬಹಳ ಜನ ಮರೆಯುತ್ತಾರೆ. ಆದರೆ ಅವನು ಒಬ್ಬಂಟಿಯಾಗಿ ಹೋಗಿ ಪ್ರಾಣ ಕಳಕೊಂಡ. ಪೇತ್ರ ಅತ್ತ, ಮತ್ತೆ ಜೊತೆಗಾರರ ನಡುವೆ ಬಂದು ಸೇರಿದ.

ಮುಂದೆ ಸಮಾಧಿಯ ಹತ್ತಿರ ಹೆಂಗಸರಿಗೆ ಸಿಕ್ಕ ಸುದ್ದಿಯನ್ನು ಮಾರ್ಕನ ಶುಭಸಂದೇಶದಲ್ಲಿ ಓದಿ ನೋಡಿ. ಶಿಷ್ಯರಿಗೆ ತಿಳಿಸಿ ಅನ್ನುವಾಗ ಪೇತ್ರನ ಹೆಸರನ್ನು ಬೇರೆ ಎತ್ತಿ ಹೇಳಲಾಗಿದೆ. ಬಿದ್ದವನನ್ನು ಹೆಸರು ಹಿಡಿದು ಕರೆಯಲು ದೇವರು ಕಳಿಸಿದ್ದು ಹೆಂಗಸರನ್ನು!

ಕುಡಿತದ ಮನೆಯವರಿಗೆ ಇನ್ನೊಬ್ಬರ ಕಥೆ. ಐರ್ಲೆಂಡಿನ ಡಬ್ಲಿನ್ ಪಟ್ಟಣದಲ್ಲಿ 1856ರಲ್ಲಿ ಹುಟ್ಟಿದ ಮ್ಯಾಟ್ ಟಾಲ್ಬಟ್ ಕೂಲಿಕಾರ. ಸುಮಾರು 12 ವರ್ಷಕ್ಕೇ ಕುಡಿತ ಹಿಡಿಯಿತು. ಪಗಾರವೆಲ್ಲ ಅಂಗಡಿಗೆ. ಒಮ್ಮೆ ಬೀದಿಯಲ್ಲಿ ನುಡಿಸುವವನೊಬ್ಬನ ಪಿಟೀಲನ್ನೇ ಕುಡಿತಕ್ಕಾಗಿ ಕದ್ದರು. 1884ರಲ್ಲಿ ಕುಡಿಯುವುದಿಲ್ಲ ಎಂದು ಆಣೆ ಮಾಡಿದರು, ಅದೂ ಬರೀ ಮೂರು ತಿಂಗಳಿಗೆ. ಆ ಮೂರು ತಿಂಗಳೇ ಬಹಳ ಕಷ್ಟವಾಯಿತು. ಆಮೇಲೆ ಮುಂದುವರಿಸುತ್ತಾ ಹೋದರು. 1925ರಲ್ಲಿ ಸಾಯುವವರೆಗೂ ಮುಟ್ಟಲಿಲ್ಲ. ಹಳೇ ಸಾಲ ತೀರಿಸಿದರು. ಪಿಟೀಲಿನವನನ್ನು ಹುಡುಕಿದರು, ಸಿಗಲಿಲ್ಲ. ಅವನ ಹೆಸರಲ್ಲಿ ಪೂಜೆಗೆ ಹಣ ಕೊಟ್ಟರು. 1975ರಲ್ಲಿ ಧರ್ಮಸಭೆ ಅವರನ್ನು ಪೂಜ್ಯರೆಂದು ಘೋಷಿಸಿತು. ಒಮ್ಮೆಲೇ ಎಲ್ಲ ಬಿಡುತ್ತೇನೆ ಅನ್ನುವವರಿಗಿಂತ ಹೀಗೆ ಕಂತಿನಲ್ಲಿ ಬಿಡುವವರ ಮೇಲೆ ನಮಗೆ ನಂಬಿಕೆ ಜಾಸ್ತಿ.

ಪಾಪನಿವೇದನೆಯಲ್ಲೂ ಇದೇ ಕ್ರಮ. ಮಾಡಿದ್ದನ್ನು ಹೇಳಬೇಕು, ಇನ್ನು ಮಾಡಬಾರದೆಂಬ ಮನಸ್ಸಿರಬೇಕು, ಕದ್ದದ್ದನ್ನು ತಿರುಗಿ ಕೊಡಬೇಕು. ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಅದಕ್ಕೇ ಹೆದರಬ್ಯಾಡ್ರಿ.

ಒಂದು ಮಾತು ಮಾತ್ರ ಬಿಡಿಸಿ ಹೇಳಬೇಕು. ಕ್ಷಮಿಸು ಅಂದರೆ ಗಂಡನ ಹೊಡೆತ ತಿನ್ನುತ್ತಾ ಕೂಡು ಅಂತ ಅರ್ಥವಲ್ಲ. ಹೊಡೆಯೋದು ಅವನ ಪಾಪ, ನಿಮ್ಮ ಶಿಲುಬೆಯಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ನಿಮಗಾಗಿಯೇ ಇದೆ, 181ಕ್ಕೆ ಫೋನ್ ಮಾಡಿ.

ನಮ್ಮ ಸಂಘಗಳಲ್ಲಿ ಎಲ್ಲ ಜಾತಿ-ಧರ್ಮದ ತಾಯಂದಿರು ಇದ್ದೀರಿ. ಮುಂದಿನ ಮೀಟಿಂಗಿನಲ್ಲಿ ಹಾಜರಿ ಪುಸ್ತಕ ತೆರೆದು, ಎರಡು-ಮೂರು ವಾರದಿಂದ ಯಾರು ಬಂದಿಲ್ಲ ನೋಡಿ. ದಂಡದ ಮಾತು ಆಮೇಲೆ. ಇಬ್ಬರು ಅವಳ ಮನೆಗೆ ಹೋಗಿ, ಹೆಸರು ಹಿಡಿದು ಕರೆಯಿರಿ. ಚಹಾ ಕುಡಿದು, ತಪ್ಪಿದ ಕಂತನ್ನು ಎಷ್ಟು ಸಣ್ಣ ಮಾಡಿದರೆ ಕಟ್ಟಬಲ್ಲಳು ಅಂತ ಅವಳನ್ನೇ ಕೇಳಿ, ಠರಾವು ಪುಸ್ತಕದಲ್ಲಿ ಬರೆಯಿರಿ.