ಇಪ್ಪತ್ತನೆಯ ಜೀನಿನಲ್ಲಿ ಸಿಕ್ಕ ಲಗಾಮು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಇಲಿ ಅಂದರೆ ಜೋಳದ ಚೀಲ ತೂತು ಮಾಡುವ ಪ್ರಾಣಿ. ಬೋನಿಟ್ಟು ಹಿಡಿಯುವುದೇ ಅದಕ್ಕೆ ಸಲ್ಲುವ ಮರ್ಯಾದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಮಾತ್ರ ಮನೆಯಿಲಿಯ ವಂಶದ ಸುಂಡಿಲಿಗೆ ಸೋಸಿದ ಗಾಳಿ, ಕ್ರಿಮಿ ಕಳೆದ ಆಹಾರ, ಗಡಿಯಾರಕ್ಕೆ ಸರಿಯಾಗಿ ಬೆಳಕು-ಕತ್ತಲು. ಅಲ್ಲಿರುವ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಗಳು ಜೀನು ತಿದ್ದಿದ ಇಲಿಗಳನ್ನು ಸಾಕುತ್ತವೆ. ಯಾವ ಕೋಶ ಏನು ಮಾಡುತ್ತದೆಂದು ತಿಳಿಯಲು ಅದನ್ನು, ಇಲ್ಲವೇ ಅದರೊಳಗಿನ ಒಂದು ಜೀನನ್ನು, ಇಲ್ಲವಾಗಿಸಿ ನೋಡುವುದು ಇಲ್ಲಿನ ಕಸುಬು.

ಈ ಕಸುಬಿನ ಹಳೆಯ ಕಥೆಯೊಂದು ಅಮೆರಿಕದ ಓಕ್ ರಿಡ್ಜ್‌ನದು. ವಿಕಿರಣದ ಪರಿಣಾಮ ಅಳೆಯುತ್ತಿದ್ದ ಅಲ್ಲಿನ ಪ್ರಯೋಗಾಲಯದಲ್ಲಿ 1940ರ ದಶಕದಲ್ಲಿ ತಾನಾಗಿಯೇ ಕೆಲವು ವಿಚಿತ್ರ ಮರಿಗಳು ಹುಟ್ಟಿದವು. ಚರ್ಮ ಹೊಟ್ಟೆದ್ದು ಸುಲಿಯುತ್ತಿತ್ತು, ಗುಲ್ಮ ಊದಿಕೊಂಡಿತ್ತು. ಬದುಕಿದ್ದು ಕೆಲವೇ ವಾರ. ಸಾಯುತ್ತಿದ್ದವು ಗಂಡು ಮರಿಗಳಷ್ಟೇ. ‘ಸ್ಕರ್ಫಿ’ ಎಂದು ಹೆಸರಿಟ್ಟು ತಳಿಯನ್ನು ಉಳಿಸಿಕೊಂಡರು. ದಶಕಗಳ ನಂತರ ತಿಳಿದದ್ದು: ಮರಿಯನ್ನು ಕೊಲ್ಲುತ್ತಿದ್ದುದು ಸೋಂಕಲ್ಲ, ಸೋಂಕಿನಿಂದ ಕಾಯಬೇಕಾದ ಅದರದೇ ಟಿ ಕೋಶಗಳು. ಕಾವಲಿಗಿದ್ದವರೇ ಮನೆ ಲೂಟಿ ಮಾಡಿದಂತೆ.

ಕೆಟ್ಟ ಜೀನು ಯಾವುದು? ಸಂಶೋಧಕರಾದ ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಎಕ್ಸ್ ವರ್ಣತಂತುವನ್ನು ಜಾಲಾಡಿ ಇಪ್ಪತ್ತು ಜೀನುಗಳಿಗೆ ಬಂದು ನಿಂತರು. ಒಂದೊಂದಾಗಿ ಪರೀಕ್ಷಿಸಿದರೆ ದೋಷ ಕಂಡದ್ದು ಕಟ್ಟಕಡೆಯದರಲ್ಲಿ. ಇದಲ್ಲವೇ ಸಂಶೋಧಕರ ಹಣೆಬರಹ! 2001ರಲ್ಲಿ ಅದಕ್ಕೆ ಫಾಕ್ಸ್‌ಪಿ3 ಎಂಬ ಹೆಸರಾಯಿತು. ಗಂಡುಮಕ್ಕಳಿಗೆ ಬರುವ ಐಪೆಕ್ಸ್ ಎಂಬ ಅಪರೂಪದ, ಮಾರಕ ಕಾಯಿಲೆಗೂ ಅದೇ ಜೀನು ಕಾರಣವೆಂದು ತಿಳಿಯಿತು. ಜಪಾನಿನ ಶಿಮೊನ್ ಸಕಗುಚಿ 1995ರಲ್ಲೇ ಗುರುತಿಸಿದ್ದ ನಿಯಂತ್ರಕ ಟಿ ಕೋಶಗಳು, ಅಂದರೆ ಉಳಿದ ಟಿ ಕೋಶಗಳಿಗೆ ಲಗಾಮು ಹಾಕುವ ಕೋಶಗಳು, ಈ ಜೀನಿಲ್ಲದೆ ರೂಪುಗೊಳ್ಳುವುದಿಲ್ಲ. ಮೂವರಿಗೂ 2025ರ ನೊಬೆಲ್ ಬಂತು.

ಬೆಂಗಳೂರಿನಲ್ಲಿ ಅಪೂರ್ವಾ ಸರಿನ್ ಅವರ ತಂಡ ಹಿಡಿದದ್ದು ಮುಂದಿನ ಪ್ರಶ್ನೆ: ಪೋಷಿಸುವ ರಾಸಾಯನಿಕ ಸಂಕೇತ ನಿಂತುಹೋದಾಗಲೂ ಈ ಲಗಾಮಿನ ಕೋಶ ಬದುಕುವುದು ಹೇಗೆ? ಅವರ ಗುಮಾನಿ ನಾಚ್-1 ಜೀನಿನ ಮೇಲಿತ್ತು. ಆದರೆ ಅದನ್ನು ಇಡೀ ದೇಹದಿಂದ ತೆಗೆದರೆ ಮರಿ ಗರ್ಭದಲ್ಲೇ ಸಾಯುತ್ತದೆ. ಅದಕ್ಕೊಂದು ಉಪಾಯವಿದೆ. ಒಂದು ತಳಿಯಲ್ಲಿ ಆ ಜೀನಿನ ಎರಡೂ ಬದಿಗೆ ಗುರುತು ಕೂಡಿಸುತ್ತಾರೆ; ಇನ್ನೊಂದು ತಳಿಯಲ್ಲಿ ಆ ಗುರುತಿನಲ್ಲಿ ಕತ್ತರಿಸುವ ಕ್ರೀ ಎಂಬ ಕಿಣ್ವ ಟಿ ಕೋಶಗಳಲ್ಲಷ್ಟೇ ಹುಟ್ಟುವಂತೆ ಮಾಡುತ್ತಾರೆ. ಎರಡನ್ನೂ ಕೂಡಿಸಿ, ಹುಟ್ಟಿದ ಮರಿಗಳಿಂದ ಚೂರು ಅಂಗಾಂಶ ತೆಗೆದು, ಜೀನು ಗುರುತಿಸುವ ಪಿಸಿಆರ್ ಪರೀಕ್ಷೆ ಮಾಡಿ ಬೇಕಾದ್ದನ್ನು ಆರಿಸುತ್ತಾರೆ. ಪೋಷಣೆ ತಪ್ಪಿದಾಗ ಕೋಶ ತನ್ನ ಹಳೆಯ ಭಾಗಗಳನ್ನೇ ಅರಗಿಸಿಕೊಂಡು ಬದುಕುತ್ತದೆ, ಅದಕ್ಕೆ ನಾಚ್-1 ಬೇಕು ಎಂದು ತಂಡ 2016ರಲ್ಲಿ ಪ್ರಕಟಿಸಿತು.

ಇಂಥ ಪ್ರಯೋಗಕ್ಕೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಮೊದಲೇ ಅನುಮತಿ ಪಡೆಯಬೇಕು. ಇಲಿಯಲ್ಲಿ ಸಿಕ್ಕ ಉತ್ತರ ಮನುಷ್ಯರಲ್ಲಿ ಎಷ್ಟೋ ಸಲ ಕೈಕೊಡುತ್ತದೆ. ‘ಇಲಿಯಲ್ಲಿ ರೋಗ ವಾಸಿ’ ಎಂಬ ಸುದ್ದಿಯನ್ನು ನಾನಂತೂ ಅರ್ಧವೇ ನಂಬುತ್ತೇನೆ. ಲಗಾಮಿನ ಕೋಶಗಳನ್ನು ಹೆಚ್ಚಿಸಿ ಸ್ವನಿರೋಧಕ ಕಾಯಿಲೆಗಳನ್ನು ತಗ್ಗಿಸಬಹುದೇ, ಕುಗ್ಗಿಸಿ ಕ್ಯಾನ್ಸರನ್ನು ಮಣಿಸಬಹುದೇ ಎಂಬ ಪರೀಕ್ಷೆಗಳು ಈಗ ಮನುಷ್ಯರ ಮೇಲೆ ನಡೆದಿವೆ.