ಸರ್ಪದಂಶ ಮತ್ತು ಪ್ರಥಮ ಚಿಕಿತ್ಸೆ

ವಿಷಸರ್ಪಗಳಲ್ಲಿ ಕಟ್ಟುಹಾವಿನ ರೀತಿಯೇ ಬೇರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಡಿಯುವುದುಂಟು. ನೋವಾಗಲಿ ಬಾವಾಗಲಿ ಪ್ರಾಯಶಃ ತೋರದು, ಗಾಯದ ಗುರುತೂ ಕಾಣದಿರಬಹುದು. ಆದುದರಿಂದ ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದ ವಿದ್ಯಾರ್ಥಿಯ ರೆಪ್ಪೆಗಳು ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಪ್ರಸಾದ ನಿಲಯದ ಮೇಲ್ವಿಚಾರಕರು ಅಜೀರ್ಣವೆಂದು ಬಗೆದು ಓಮದ ಕಷಾಯ ಕುಡಿಸುತ್ತ ಕುಳಿತಿರಬಾರದು. ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು.

ಯಾವ ಹಾವೇ ಕಡಿದಿರಲಿ, ಆ ಅಂಗದ ಉಂಗುರ ಕಡಗಗಳನ್ನು ತೆಗೆದು, ಮುರಿದ ಮೂಳೆಗೆ ಮಾಡುವಂತೆ ದಬ್ಬೆಯಿಟ್ಟು ಅಲುಗದಂತಿರಿಸಬೇಕು; ರೋಗಿಯನ್ನು ನಡೆಯಿಸಕೂಡದು. ಬಿಗಿದು ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಮೂರೂ ವರ್ಜ್ಯ. ಮಂತ್ರಿಸುವವರು ವಾಹನದಲ್ಲಿ ಕುಳಿತೇ ಮಂತ್ರಿಸಲಿ! ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಪ್ರತಿವಿಷ ಒಂದೇ ಆದುದರಿಂದ ಹಾವನ್ನು ಹುಡುಕುತ್ತ ಕಾಲಹರಣ ಮಾಡುವುದೂ ಬೇಡ.

ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆ ಕಟ್ಟುಹಾವನ್ನೂ ತಡೆಯುತ್ತದೆ. ದಾನಿಗಳು ಇದನ್ನು ಗಮನಿಸಬೇಕಾಗಿ ಬಿನ್ನಹ.