ಗಿಟಾರಿನ ನಾದವನ್ನು ಹದಗೊಳಿಸುವುದು

ಆಂಪ್ಲಿಫೈಯರು ಮತ್ತು ಅದರ ಸ್ಪೀಕರು ಗಿಟಾರಿನ ನಾದಕ್ಕೆ ಕೊಡುವ ಗುಣವನ್ನು ಲೆಕ್ಕಾಚಾರದಿಂದ ಅನುಕರಿಸುವ ಪೆಟ್ಟಿಗೆಯೇ ಡಿಜಿಟಲ್ ಆಂಪ್ ಮಾಡೆಲರ್.

ಕಳೆದ ವಾರ್ಷಿಕೋತ್ಸವಕ್ಕೆಂದು ನಾವು ಮನೆಯಲ್ಲಿ ಮೆಲ್ಲಗೆ ನುಡಿಸಿ ಹದಮಾಡಿದ್ದ ನಾದವು ಸಭಾಂಗಣದಲ್ಲಿ ಗುಂಯ್‌ಗುಟ್ಟಿತು. ಮಕ್ಕಳ ಹಾಡೇ ಕೇಳಿಸಲಿಲ್ಲ. ಕಾರಣವಿಷ್ಟೆ: ಸದ್ದು ಸಣ್ಣದಿದ್ದಾಗ ಕಿವಿಗೆ ಮಂದ್ರಸ್ವರಗಳು ಕಡಿಮೆ ಕೇಳಿಸುತ್ತವೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದನ್ನು ಅಳೆದು ತೋರಿಸಿದರು.

ಆದುದರಿಂದ ವಿದ್ಯಾರ್ಥಿಗಳೇ, ವೇದಿಕೆಯಲ್ಲಿರುವಷ್ಟೇ ಸದ್ದಿಟ್ಟು ಹದಮಾಡಿರಿ. ಮೊದಲು ಸ್ಪೀಕರಿನ ಅನುಕರಣೆಯನ್ನು ಆರಿಸಿರಿ. ಸುಮಾರು 5,000 ಹರ್ಟ್ಸ್‌ನಿಂದ ಮೇಲಿನ ಕರ್ಕಶತೆಯನ್ನು ಅದೇ ತಗ್ಗಿಸುತ್ತದೆ. ಗಿಟಾರಿನ ದಪ್ಪ ತಂತಿಯ ಸ್ವರವೇ ಸುಮಾರು 82 ಹರ್ಟ್ಸ್. ಅದಕ್ಕಿಂತ ಕೆಳಗಿನದನ್ನು ಕಡಿತಗೊಳಿಸಿರಿ. ಗೇನನ್ನು ಇಳಿಸಿರಿ. ಕೊನೆಗೆ ಹಾಡುವವರೊಡನೆ ಕೂಡಿ ನುಡಿಸಿ ನೋಡಿರಿ. ಒಂಟಿಯಾಗಿ ಇಂಪಾದುದೆಲ್ಲ ಮೇಳದಲ್ಲಿ ಇಂಪಾಗದು.